ಕಣ್ಣಿಗೆ ಕಾಣದ ಜಾಹೀರಾತು ನಮ್ಮನ್ನು ಆಡಿಸುತ್ತದಾ?

ಓದುಗರ ಪ್ರಶ್ನೆ: ಸಿನಿಮಾ, ಟಿವಿ ನಡುವೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಜಾಹೀರಾತು ತೋರಿಸಿ, ನಮಗೇ ಗೊತ್ತಾಗದ ಹಾಗೆ ಸಾಮಾನು ಕೊಳ್ಳುವಂತೆ ಮಾಡುತ್ತಾರಂತೆ. ನಿಜಾನಾ? ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ?

ಮತ್ತೆ ಅದೇ ಪ್ರಶ್ನೆ! ಪ್ಯಾಕೆಟ್ಟು, ಲೇಬಲ್ಲು ಡಿಸೈನ್ ಮಾಡುವ ಕೆಲಸ ನನ್ನದು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಬಿಟ್ಟಿಲ್ಲ. ಉತ್ತರ ಒಂದೇ ಪದದಲ್ಲಿ ಬೇಕಾದರೆ, ಇಲ್ಲ. ಆದರೆ ಅಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ‘ಅಮೆರಿಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರಲ್ಲ ಸಾರ್’ ಅನ್ನುತ್ತಾರೆ. ಸರಿ, ಆ ಪ್ರಯೋಗದ ಕತೆಯನ್ನು ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

1957ರ ಸೆಪ್ಟೆಂಬರ್. ಜೇಮ್ಸ್ ವಿಕರಿ ಅನ್ನುವ ಮಾರುಕಟ್ಟೆ ಸಂಶೋಧಕ ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಕರೆದು ಕೂರಿಸಿದ. ಒಂದು ಚಿತ್ರಮಂದಿರದಲ್ಲಿ ಆರು ವಾರ ಪ್ರಯೋಗ ಮಾಡಿದ್ದೇನೆ ಅಂದ. ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಚಿತ್ರಮಂದಿರ ಅದು. ಸಿನಿಮಾ ಓಡುತ್ತಿರುವಾಗ 5 ಸೆಕೆಂಡಿಗೊಮ್ಮೆ ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾ ಕೋಲಾ ಕುಡಿಯಿರಿ’ ಅನ್ನುವ ಸಾಲು ಪರದೆ ಮೇಲೆ ಮಿಂಚುತ್ತಿತ್ತಂತೆ. ಎಷ್ಟು ಹೊತ್ತು? ಒಂದು ಸೆಕೆಂಡಿನ 3,000ದಲ್ಲಿ ಒಂದು ಪಾಲು. ನೋಡಿದವರು 45,699 ಜನ. ಕೋಕ್ ಮಾರಾಟ ಶೇ 18.1ರಷ್ಟು ಏರಿತಂತೆ, ಪಾಪ್‌ಕಾರ್ನ್ ಶೇ 57ಕ್ಕೂ ಜಾಸ್ತಿ.

ಅಂಕಿಗಳ ಠೀವಿ ನೋಡಿ. 18.1! ಸುಮಾರು 20 ಅಂದಿದ್ದರೆ ಯಾರಾದರೂ ‘ಹೌದಾ?’ ಅಂತ ಕೇಳುತ್ತಿದ್ದರೋ ಏನೋ. ದಶಾಂಶ ಕಂಡ ಕೂಡಲೇ ಎಲ್ಲರೂ ಬಾಯಿ ಮುಚ್ಚಿಕೊಂಡು ಬರೆದುಕೊಂಡರು.

ಆ ಆರು ವಾರ ಯಾವ ಸಿನಿಮಾ ಓಡುತ್ತಿತ್ತು, ಸೆಕೆ ಎಷ್ಟಿತ್ತು, ಸಾಲು ತೋರಿಸದ ದಿನಗಳಲ್ಲಿ ಎಷ್ಟು ಪಾಪ್‌ಕಾರ್ನ್ ಹೋಯಿತು, ಇದ್ಯಾವುದರ ಲೆಕ್ಕವನ್ನೂ ವಿಕರಿ ಬೇರೆಯವರು ಪರೀಕ್ಷೆ ಮಾಡುವ ಹಾಗೆ ಕೊಡಲಿಲ್ಲ. 1958ರ ಜನವರಿಯಲ್ಲಿ ವಾಷಿಂಗ್ಟನ್‌ಗೆ ಕರೆಸಿ, ಜನಪ್ರತಿನಿಧಿಗಳ ಮುಂದೆ ತೋರಿಸು ಅಂದರು. ತೋರಿಸಿದ. ಪಾಪ್‌ಕಾರ್ನಿಗೆ ಯಾರೂ ಓಡಲಿಲ್ಲ. ‘ನನಗೇನೋ ಹಾಟ್ ಡಾಗ್ ತಿನ್ನಬೇಕು ಅನ್ನಿಸುತ್ತಿದೆ’ ಅಂತ ಒಬ್ಬ ಸೆನೆಟರ್ ಕಾಲೆಳೆದರು, ಅಷ್ಟೇ. ಕೊನೆಗೆ 1962ರಲ್ಲಿ ‘ಅಡ್ವರ್ಟೈಸಿಂಗ್ ಏಜ್’ ಪತ್ರಿಕೆಯವರ ಹತ್ತಿರ ವಿಕರಿಯೇ ಒಪ್ಪಿಕೊಂಡ: ಏನನ್ನಾದರೂ ಸಾಬೀತು ಮಾಡುವಷ್ಟು ಮಾಹಿತಿಯೇ ತನ್ನ ಹತ್ತಿರ ಇರಲಿಲ್ಲ, ಅದೊಂದು ಗಿಮಿಕ್ ಅಂತ.

1962! ಅಲ್ಲಿಂದ ಇಲ್ಲಿಗೆ 60 ವರ್ಷ ದಾಟಿದೆ. ಗಿಮಿಕ್ ಮಾಡಿದವನೇ ಕೈ ಎತ್ತಿದ್ದಾನೆ, ನಮ್ಮ ವಾಟ್ಸಾಪ್ ಗ್ರೂಪುಗಳು ಮಾತ್ರ ಇನ್ನೂ ಬಿಟ್ಟಿಲ್ಲ.

ಇದಕ್ಕಿಂತ ಸೊಗಸಾದ ಪುರಾವೆ ಕೆನಡಾದ್ದು. 1958ರಲ್ಲಿ ಅಲ್ಲಿನ ಸಿಬಿಸಿ ವಾಹಿನಿ ಒಂದು ಕಾರ್ಯಕ್ರಮದ ನಡುವೆ ‘ಈಗಲೇ ಫೋನ್ ಮಾಡಿ’ ಅನ್ನುವ ಸಾಲನ್ನು 352 ಸಲ ಮಿಂಚಿಸಿತು. ಫೋನ್ ಕರೆಗಳು ಹೆಚ್ಚಾಗಲಿಲ್ಲ. ಒಂದು ಗುಪ್ತ ಸಂದೇಶ ಇತ್ತು, ಏನು ಅಂತ ಊಹಿಸಿ ಬರೆಯಿರಿ ಅಂದಾಗ ಪತ್ರಗಳು ಬಂದವು. ಆ ಹೊತ್ತಿಗೆ ತಮಗೆ ಹಸಿವಾಯಿತು, ಬಾಯಾರಿತು ಅಂತ ಎಷ್ಟೋ ಜನ ಬರೆದಿದ್ದರು! ಪರದೆ ಮೇಲೆ ಇದ್ದದ್ದು ಫೋನು. ಅವರ ತಲೆಯಲ್ಲಿ ಇದ್ದದ್ದು ಪೇಪರಿನಲ್ಲಿ ಓದಿದ ಪಾಪ್‌ಕಾರ್ನ್ ಕತೆ.

‘ಪರಿಣಾಮ ಇಲ್ಲ ಅಂದರೆ ಸರ್ಕಾರಗಳು ಯಾಕೆ ವಿರೋಧಿಸಿದವು?’ ಇದು ಮುಂದಿನ ವಾದ. ಅಮೆರಿಕದ ಪ್ರಸಾರ ಆಯೋಗ 1974ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಕೆಲಸ ಮಾಡಲಿ, ಮಾಡದೇ ಇರಲಿ, ಮೋಸ ಮಾಡುವ ಉದ್ದೇಶದಿಂದ ಮಾಡಿದ್ದು ಜನಹಿತಕ್ಕೆ ವಿರುದ್ಧ ಅಂತ. ಉದ್ದೇಶ ಕೆಟ್ಟದ್ದು ಅಂದರು. ಮಂತ್ರ ಫಲಿಸಿತು ಅನ್ನಲಿಲ್ಲ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. 2006ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಪ್ರಯೋಗಾಲಯದಲ್ಲಿ ಒಂದು ತಂಪು ಪಾನೀಯದ ಹೆಸರನ್ನು ಹೀಗೇ ಕಾಣದ ಹಾಗೆ ತೋರಿಸಿದರು. ಆಗಲೇ ಬಾಯಾರಿದವರು ಆ ಹೆಸರಿನ ಕಡೆ ಸ್ವಲ್ಪ ವಾಲಿದರು. ಬಾಯಾರಿಕೆ ಇಲ್ಲದವರು ವಾಲಲಿಲ್ಲ. ಅಷ್ಟೇ. ಬೇಡದ ಫ್ರಿಜ್ ಕೊಳ್ಳಿಸುವ ಶಕ್ತಿ ಇದಲ್ಲ.

ನನಗೆ ತುಂಬಾ ಇಷ್ಟವಾದ ಅಧ್ಯಯನ 1991ರದ್ದು. ಕಿವಿಗೆ ಕೇಳಿಸದ ಮಾತು ತುಂಬಿದ ಕ್ಯಾಸೆಟ್‌ಗಳು ಆಗ ಮಾರುಕಟ್ಟೆಯಲ್ಲಿದ್ದವು. ಕೆಲವು ಜ್ಞಾಪಕಶಕ್ತಿಗೆ, ಕೆಲವು ಆತ್ಮವಿಶ್ವಾಸಕ್ಕೆ. ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಜೊತೆಗಾರರು ಅರ್ಧ ಕ್ಯಾಸೆಟ್‌ಗಳ ಲೇಬಲ್ ಅದಲು ಬದಲು ಮಾಡಿ ಹಂಚಿದರು. ಕೆಲವು ವಾರ ಕೇಳಿದ ಮೇಲೆ ಪರೀಕ್ಷಿಸಿದರೆ ಒಳಗಿನ ಮಾತಿನಿಂದ ಯಾರಿಗೂ ಏನೂ ಆಗಿರಲಿಲ್ಲ. ಆದರೆ ‘ಜ್ಞಾಪಕಶಕ್ತಿ’ ಅನ್ನುವ ಲೇಬಲ್ ಇದ್ದ ಕ್ಯಾಸೆಟ್ ಕೇಳಿದವರಲ್ಲಿ ತುಂಬಾ ಜನ ತಮ್ಮ ಜ್ಞಾಪಕಶಕ್ತಿ ಚುರುಕಾಗಿದೆ ಅಂದುಕೊಂಡಿದ್ದರು. ಒಳಗೆ ಇದ್ದದ್ದು ಆತ್ಮವಿಶ್ವಾಸದ ಟೇಪ್ ಆಗಿದ್ದರೂ ಸರಿ! ‘ಕೇಳುತ್ತಾ ಮಲಗಿ, ದುಡ್ಡು ತಾನಾಗಿ ಬರುತ್ತೆ’ ಅನ್ನುವ ಈಗಿನ ವಿಡಿಯೊಗಳ ಅಭಿಮಾನಿಗಳು ಈ ಪ್ಯಾರಾ ಇನ್ನೊಮ್ಮೆ ಓದಬೇಕು. ಕೆಲಸ ಮಾಡಿದ್ದು ಗುಟ್ಟಿನ ಧ್ವನಿಯಲ್ಲ, ಎದುರಿಗೇ ಅಂಟಿಸಿದ್ದ ಲೇಬಲ್.

ನನ್ನ ವೃತ್ತಿಯವರ ಆಟವೆಲ್ಲ ಇರುವುದು ಇಲ್ಲೇ, ಹಾಡಹಗಲಲ್ಲಿ. ಮಾವಿನ ಡ್ರಿಂಕ್‌ನ ಒಂದು ಪ್ಯಾಕೆಟ್ ಕೈಗೆ ತಗೊಳ್ಳಿ. ಮುಂದೆ ಅಂಗೈಯಗಲ ಮಾವು, ಮೇಲೆ ನೀರಿನ ಹನಿ, ಪಕ್ಕದಲ್ಲಿ ಈಗ ತಾನೇ ಕಿತ್ತ ಹಾಗೆ ಕಾಣುವ ಎಲೆ. ಎಲೆ ಯಾಕೆ? ಎಲೆ ಇದ್ದರೆ ತೋಟ ನೆನಪಾಗುತ್ತೆ, ಫ್ಯಾಕ್ಟರಿ ಮರೆಯುತ್ತೆ. ಈಗ ಹಿಂದೆ ತಿರುಗಿಸಿ. ಸಣ್ಣಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತೆ. ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು ಅನ್ನುವುದು ನಿಯಮ. ಸಾಮಾನ್ಯವಾಗಿ ಮೊದಲು ಸಿಗುವುದು ನೀರು. ಇಂಥ ಪಾನೀಯದಲ್ಲಿ ಶೇ 10ರಷ್ಟು ಹಣ್ಣು ಇದ್ದರೂ ಕಾನೂನಿಗೆ ಸಾಕು. ಯಾವುದನ್ನೂ ಮುಚ್ಚಿಟ್ಟಿಲ್ಲ. ಮಾವು ದೊಡ್ಡದಾಗಿದೆ, ನೀರು ಚಿಕ್ಕದಾಗಿದೆ, ಅಷ್ಟೇ ವ್ಯತ್ಯಾಸ. ಹಣ್ಣಿನ ಸಾರಕ್ಕೆ ನೀರು ಬೆರೆಸಿದ ಜ್ಯೂಸಿನ ಮೇಲೆ ‘100% ಫ್ರೂಟ್ ಜ್ಯೂಸ್’ ಅಂತ ಹಾಕಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೇಳಬೇಕಾಯಿತು.

ಬಣ್ಣದ ವಿಷಯಕ್ಕೆ ಬೆಳಗಿನ ಹಾಲೇ ಸಾಕು. ‘ಟೋನ್ಡ್ ಮಿಲ್ಕ್ ಕೊಡಿ’ ಅಂತ ಯಾರು ಕೇಳುತ್ತಾರೆ? ‘ಎರಡು ಬ್ಲೂ ಪ್ಯಾಕೆಟ್’ ಅನ್ನುತ್ತೇವೆ. ನಂದಿನಿಯ ನೀಲಿ ಬಣ್ಣವೇ ನಮಗೆ ಹಾಲಿನ ಹೆಸರು. ಇನ್ನು ಹೆಂಡದ ಜಾಹೀರಾತು ಟಿವಿಯಲ್ಲಿ ಹಾಕುವ ಹಾಗಿಲ್ಲ, ಅದಕ್ಕೆ ಅದೇ ಹೆಸರು, ಅದೇ ಬಣ್ಣದ ಸೋಡಾ ಬರುತ್ತೆ. ಸೋಡಾ ನೋಡಿ ಯಾರಿಗೆ ಏನು ನೆನಪಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಬದಲಿ ಜಾಹೀರಾತುಗಳನ್ನು ನಿಷೇಧಿಸಿ ಮಾರ್ಗಸೂಚಿ ಹೊರಡಿಸಿತು.

ಈ ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಬರುತ್ತೆ ಅಂತ ಗೊತ್ತು, ಕೇಳುವ ಮೊದಲೇ ಹೇಳಿಬಿಡುತ್ತೇನೆ. ಟೂತ್‌ಪೇಸ್ಟ್ ಟ್ಯೂಬಿನ ತುದಿಯ ಬಣ್ಣದ ಪಟ್ಟಿ! ಹಸಿರಾದರೆ ನೈಸರ್ಗಿಕ, ಕಪ್ಪಾದರೆ ಪೂರ್ತಿ ಕೆಮಿಕಲ್ ಅನ್ನುವುದು ಶುದ್ಧ ಸುಳ್ಳು. ಅದು ಮೆಷಿನ್ನಿಗೆ ಹಾಕಿದ ಗುರುತು. ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಯಾವ ಕಡೆ ತಿರುಗಿಸಿ ತುದಿ ಒತ್ತಬೇಕು ಅಂತ ಸೆನ್ಸರ್ ಅದನ್ನು ನೋಡಿ ತಿಳಿದುಕೊಳ್ಳುತ್ತೆ. ಹಿನ್ನೆಲೆಗಿಂತ ಎದ್ದು ಕಂಡರೆ ಸಾಕು, ಯಾವ ಬಣ್ಣವಾದರೂ ನಡೆಯುತ್ತೆ.

ನಿಜವಾಗಿ ಅರ್ಥ ಇರುವ ಗುರುತು ಬೇಕಾದರೆ ಊಟದ ಪ್ಯಾಕೆಟ್ ನೋಡಿ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು. ಎರಡೂ ದುಂಡಗೆ ಇದ್ದದ್ದರಿಂದ ಬಣ್ಣಗುರುಡು ಇರುವವರಿಗೆ ಯಾವುದು ಯಾವುದೋ ತಿಳಿಯುತ್ತಿರಲಿಲ್ಲ. 2020ರ ಲೇಬಲ್ ನಿಯಮದಲ್ಲಿ ಆ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿದರು. ಒಳ್ಳೆಯ ಡಿಸೈನ್ ಅಂದರೆ ಇದು. ಟೂತ್‌ಪೇಸ್ಟ್ ಪಟ್ಟಿಯ ಫಾರ್ವರ್ಡ್ ಕಳಿಸಿದವರನ್ನು ಒಮ್ಮೆ ಈ ತ್ರಿಕೋನದ ಬಗ್ಗೆ ಕೇಳಿ ನೋಡಿ.