ಫೋಟೋವಾಯ್ಸ್: ಕ್ಯಾಮೆರಾ ಯಾರದು, ಮಾತು ಯಾರದು

ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುಟುಂಬಗಳ ಮಕ್ಕಳನ್ನು ವೃತ್ತಿಪರ ಛಾಯಾಗ್ರಾಹಕರೊಬ್ಬರು ತೆಗೆದ ಚಿತ್ರಗಳ ಪ್ರದರ್ಶನಕ್ಕೆ ‘ಫೋಟೋವಾಯ್ಸ್’ ಎಂದು ಹೆಸರಿಟ್ಟಿದ್ದ ಆಹ್ವಾನಪತ್ರಿಕೆಯೊಂದು ಈಚೆಗೆ ಕೈಸೇರಿತು. ಇಂಥದ್ದು ಇದೇ ಮೊದಲಲ್ಲ. ಬಾಲ್ಯದ ಕುರಿತ ಸಂಶೋಧನಾ ವರದಿಗೆ ನಾಲ್ಕು ಬಣ್ಣದ ಚಿತ್ರ ಸೇರಿಸಿದರೂ, ಶಾಲೆಯಲ್ಲಿ ಛಾಯಾಚಿತ್ರ ಸ್ಪರ್ಧೆ ನಡೆಸಿದರೂ ಇದೇ ಪದ ಬಂದು ಅಂಟಿಕೊಳ್ಳುತ್ತದೆ. ಚಿತ್ರಗಳ ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಫೋಟೋವಾಯ್ಸ್ ಎಂಬುದು ಜನರು ತಮ್ಮ ಬದುಕಿನ ಚಿತ್ರಗಳನ್ನು ತಾವೇ ತೆಗೆದು, ಅವುಗಳ ಬಗ್ಗೆ ತಾವೇ ಮಾತಾಡುವ ಸಂಶೋಧನಾ ವಿಧಾನದ ಹೆಸರು. ಈ ಪದಕ್ಕೆ ಗೊತ್ತಾದ ಹುಟ್ಟಿದೆ, ಗೊತ್ತಾದ ಕ್ರಮವಿದೆ, ಮತ್ತು ಆ ಕ್ರಮದ ಯಾವ ಹಂತದಲ್ಲೂ ಹೊರಗಿನ ಛಾಯಾಗ್ರಾಹಕರಿಗೆ ಮುಖ್ಯ ಪಾತ್ರವಿಲ್ಲ.

1990ರ ದಶಕದ ಆರಂಭದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಗ್ರಾಮೀಣ ಮಹಿಳೆಯರ ಆರೋಗ್ಯ ಮತ್ತು ಅಭಿವೃದ್ಧಿಯ ಕಾರ್ಯಕ್ರಮವೊಂದು ನಡೆಯಿತು. ಅದರ ಅಂಗವಾಗಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಅವರು 62 ಮಂದಿ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ತಮ್ಮ ದಿನನಿತ್ಯದ ಬದುಕನ್ನು ತಾವೇ ದಾಖಲಿಸುವಂತೆ ಕೇಳಿದರು. ಈ ವಿಧಾನಕ್ಕೆ ಅವರು ಮೊದಲು ಇಟ್ಟ ಹೆಸರು ‘ಫೋಟೋ ನಾವೆಲ್ಲಾ’. ಲ್ಯಾಟಿನ್ ಅಮೆರಿಕದಲ್ಲಿ ಜನಪ್ರಿಯವಾಗಿದ್ದ, ನಟರನ್ನು ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಪ್ರೇಮಕಥೆ ಹೇಳುವ ಪುಸ್ತಕಗಳಿಗೂ ಹೆಚ್ಚುಕಡಿಮೆ ಇದೇ ಹೆಸರಿದ್ದುದರಿಂದ ಗೊಂದಲಕ್ಕೆ ಎಡೆಯಿತ್ತು. ಇವರಿಬ್ಬರ 1997ರ ಪ್ರಬಂಧದ ಹೊತ್ತಿಗೆ ‘ಫೋಟೋವಾಯ್ಸ್’ ನೆಲೆಗೊಂಡಿತು. ಇದರಲ್ಲಿನ ‘ವಾಯ್ಸ್’ ಬರಿಯ ಅಲಂಕಾರಕ್ಕೆ ಬಂದದ್ದಲ್ಲ. ‘ನಮ್ಮ ವೈಯಕ್ತಿಕ ಮತ್ತು ಸಾಮೂಹಿಕ ಅನುಭವವನ್ನು ನುಡಿಯುವುದು’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಆ ಪದವಾಗುತ್ತದೆ. ನುಡಿಯುವ ‘ನಾವು’ ಹೆಸರಿನೊಳಗೇ ಇದೆ. ಆ ‘ನಾವು’ ಎಂಬವರನ್ನು ತೆಗೆದುಹಾಕಿ ಹೆಸರನ್ನು ಮಾತ್ರ ಉಳಿಸಿಕೊಳ್ಳುವುದು ಯಾವ ನ್ಯಾಯ?

ಯುನ್ನಾನಿನ ಆ ಚಿತ್ರಗಳಲ್ಲೊಂದು ಬಾಲ್ಯದ ಅಧ್ಯಯನ ಮಾಡುವವರೆಲ್ಲ ನೆನಪಿಡಬೇಕಾದದ್ದು. ತಾಯಿಯೊಬ್ಬಳು ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದಾಳೆ, ಕೂಸು ಒಂಟಿಯಾಗಿ ಮಲಗಿದೆ. ಹೊರಗಿನವರು ತೆಗೆದಿದ್ದರೆ ಇದು ಮಾತೃವಾತ್ಸಲ್ಯದ ಚಿತ್ರವೋ ಬಡತನದ ಚಿತ್ರವೋ ಆಗಿ ಗೋಡೆಯ ಮೇಲೆ ಉಳಿಯುತ್ತಿತ್ತು. ಹೆಂಗಸರು ಒಟ್ಟಿಗೆ ಕುಳಿತು ಮಾತಾಡಿದ್ದರಿಂದ ಅದು ಮಕ್ಕಳನ್ನು ನೋಡಿಕೊಳ್ಳಲು ವ್ಯವಸ್ಥೆ ಬೇಕೆಂಬ ಬೇಡಿಕೆಯಾಗಿ ಅಧಿಕಾರಿಗಳ ಮುಂದೆ ಹೋಯಿತು. ಚಿತ್ರ ತೆಗೆಯುವುದು ಕೆಲಸದ ಮೊದಲ ಹಂತ ಮಾತ್ರ. ಆಮೇಲೆ ತೆಗೆದವರೇ ಮುಖ್ಯವಾದವುಗಳನ್ನು ಆರಿಸಬೇಕು, ಅವುಗಳ ಹಿಂದಿನ ಕಥೆ ಹೇಳಬೇಕು, ಅವುಗಳಿಂದ ಹೊಮ್ಮುವ ಸಮಸ್ಯೆಗಳನ್ನು ಗುರುತಿಸಬೇಕು. ಇಲ್ಲಿ ಏನು ಕಾಣುತ್ತಿದೆ, ನಿಜವಾಗಿ ನಡೆಯುತ್ತಿರುವುದೇನು, ನಮ್ಮ ಬದುಕಿಗೂ ಇದಕ್ಕೂ ಏನು ಸಂಬಂಧ, ಈ ಸ್ಥಿತಿ ಯಾಕಿದೆ, ನಾವೇನು ಮಾಡಬಹುದು ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಚರ್ಚಿಸುವುದು ರೂಢಿ. ಚಿತ್ರವನ್ನು ಮುಂದಿಟ್ಟು ಸಾಮಾನ್ಯ ಜನರೊಡನೆ ಸಂವಾದ ಬೆಳೆಸಿದ ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೊ ಫ್ರೇರೆ ಅವರ ಪ್ರಭಾವ ಇಲ್ಲಿ ನೇರವಾಗಿದೆ.

ಕನ್ನಡದಲ್ಲಿ ಇದನ್ನು ‘ಚಿತ್ರಧ್ವನಿ’ ಎನ್ನಬಹುದೆಂಬ ಸಲಹೆಗೆ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ‘ಧ್ವನಿ’ ಎಂದೊಡನೆ ಕಾವ್ಯಮೀಮಾಂಸೆ ಎದ್ದು ಬರುತ್ತದೆ: ಬಾಯಿಬಿಟ್ಟು ಹೇಳದೆ ಸೂಚಿಸಿದ ಅರ್ಥ, ಅದನ್ನು ಸಹೃದಯರು ಗ್ರಹಿಸುವ ಬಗೆ. ಮಗು ತೆಗೆದ ಚಿತ್ರದ ಮುಂದೆ ನಿಂತು ‘ಎಂಥ ಮುಗ್ಧ ನೋಟ, ಎಂಥ ಆಳವಾದ ವಿಷಾದ’ ಎಂದು ತಾವೇ ಅರ್ಥ ಹಚ್ಚುವ ಅತಿಥಿಗಳು ಮಾಡುವುದು ಇದನ್ನೇ. ಕಾವ್ಯಕ್ಕೆ ಅದು ಸರಿ. ಫೋಟೋವಾಯ್ಸ್‌ನಲ್ಲಿ ಅರ್ಥ ಹೇಳುವ ಹಕ್ಕು ಚಿತ್ರ ತೆಗೆದವರದು. ಶಾಲೆಯ ಬೀಗ ಹಾಕಿದ ಶೌಚಾಲಯದ ಚಿತ್ರ ತೆಗೆದ ಹುಡುಗಿ ಅದರ ಬಗ್ಗೆ ಹೇಳಬೇಕಾದ್ದನ್ನು ತಾನೇ ಹೇಳಬಲ್ಲಳು, ಅಲ್ಲಿ ಸಹೃದಯರಿಗೆ ಕೆಲಸವಿಲ್ಲ. ಹಾಗೆಯೇ ‘ದನಿಯಿಲ್ಲದವರಿಗೆ ದನಿ ಕೊಡುವುದು’ ಎಂಬ ಸವೆದ ಮಾತನ್ನೂ ಕೈಬಿಡುವುದು ಒಳ್ಳೆಯದು. ಮಕ್ಕಳಿಗೆ ದನಿ ಇದ್ದೇ ಇದೆ, ಕೊರತೆಯಿರುವುದು ಕಿವಿಗಳದ್ದು.

ಈ ಕಿವಿಯ ಪ್ರಶ್ನೆಯನ್ನು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ 2007ರಲ್ಲಿ ಸ್ಪಷ್ಟವಾಗಿ ಎತ್ತಿದರು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಮನ್ನಣೆ ಸಿಗಬೇಕೆನ್ನುವ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯನ್ನು ‘ಮಕ್ಕಳ ದನಿ’ ಎಂಬ ಎರಡು ಪದಗಳಿಗೆ ಇಳಿಸಿಬಿಟ್ಟರೆ ಸಾಲದು, ಮಾತಾಡಲು ಅವಕಾಶ, ಮಾತು, ಕೇಳುವವರು, ಮಾತಿನಿಂದಾದ ಪರಿಣಾಮ ಈ ನಾಲ್ಕೂ ಇರಬೇಕು ಎಂಬುದು ಅವರ ವಾದ. 1989ರ ಆ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್‌ನಲ್ಲಿ ಸೇರಿತು. ಅದರ 13ನೇ ವಿಧಿಯನ್ನು ಸಂಶೋಧಕರು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಮಾತು, ಬರಹ, ಮುದ್ರಣ, ಕಲೆ ಅಥವಾ ಮಗು ತಾನೇ ಆರಿಸಿಕೊಂಡ ಬೇರಾವುದೇ ಮಾಧ್ಯಮದ ಮೂಲಕ ಅಭಿವ್ಯಕ್ತಿಸುವ ಸ್ವಾತಂತ್ರ್ಯವನ್ನು ಅದು ಹೇಳುತ್ತದೆ. ‘ಮಗು ಆರಿಸಿಕೊಂಡ’ ಎಂಬಲ್ಲಿಗೆ ಗಮನ ಕೊಡಬೇಕು. ಕ್ಯಾಮೆರಾ ಒಲ್ಲೆ, ನಾಟಕ ಆಡುತ್ತೇವೆ ಎಂದು ಮಕ್ಕಳು ಹೇಳಿದರೆ, ಯೋಜನೆಯ ಪ್ರಸ್ತಾವದಲ್ಲಿ ಫೋಟೋವಾಯ್ಸ್ ಎಂದು ಬರೆದಾಗಿದೆ ಎಂಬ ಕಾರಣಕ್ಕೆ ಕ್ಯಾಮೆರಾವನ್ನೇ ಹಿಡಿಸುವುದು ತಲೆಕೆಳಗಾದ ಕ್ರಮ. ಮಕ್ಕಳು ಯಾವ ಮಟ್ಟಿಗೆ ನಿಜವಾಗಿ ಭಾಗವಹಿಸುತ್ತಿದ್ದಾರೆಂದು ಅಳೆಯಲು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ರೂಪಿಸಿದ ಎಂಟು ಮೆಟ್ಟಿಲಿನ ‘ಭಾಗವಹಿಸುವಿಕೆಯ ಏಣಿ’ಯಲ್ಲಿ ಎರಡನೆಯ ಮೆಟ್ಟಿಲಿನ ಹೆಸರೇ ‘ಅಲಂಕಾರ’, ಅಂದರೆ ಮಕ್ಕಳನ್ನು ವೇದಿಕೆಯ ಶೋಭೆಗೆ ಬಳಸುವುದು. ಹಾರ್ಟ್ ಅದನ್ನು ಭಾಗವಹಿಸುವಿಕೆಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕರ್ನಾಟಕದಲ್ಲಿ ಕೇಳುವವರನ್ನು ಹೊಸದಾಗಿ ಹುಡುಕಬೇಕಾಗಿಲ್ಲ, ಮಕ್ಕಳ ಗ್ರಾಮಸಭೆಗಳಿವೆ. ನಗರದ ಕಲಾ ಗ್ಯಾಲರಿಯಲ್ಲಿ ಮೂರು ದಿನ ತೂಗುವ ಚಿತ್ರಗಳನ್ನು ಮೊದಲು ಅಲ್ಲಿ, ಪಂಚಾಯಿತಿ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ ಉತ್ತರ ಕೊಡಬೇಕಾದ ಕಡೆ ಇಟ್ಟರೆ ಹೆಸರಿಗೆ ಅರ್ಥ ಬರುತ್ತದೆ.

ಒಪ್ಪಿಗೆಯ ವಿಷಯದಲ್ಲೂ ಅಸಡ್ಡೆ ಕಾಣುತ್ತದೆ. ಚಿತ್ರ ತೆಗೆಯುವ ಮಗುವಿನ ಮತ್ತು ಪೋಷಕರ ಒಪ್ಪಿಗೆಯೊಂದೇ ಸಾಲದು. ಚಿತ್ರದಲ್ಲಿ ಕಾಣುವವರ ಒಪ್ಪಿಗೆ ಬೇರೆ, ಪ್ರಕಟಣೆಗೆ ಕೊಡುವ ಒಪ್ಪಿಗೆ ಬೇರೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಅಂಥ ಮಕ್ಕಳೊಡನೆ ಕೆಲಸ ಮಾಡುವವರು ಮುಖವಿಲ್ಲದ ಚಿತ್ರಗಳನ್ನು, ಅಂದರೆ ಕೈ, ನೆರಳು, ಚಪ್ಪಲಿ, ದಾರಿ ಇಂಥವನ್ನು ತೆಗೆಯುವುದು ಹೇಗೆಂದು ತರಬೇತಿಯಲ್ಲೇ ಚರ್ಚಿಸಿದರೆ, ಕೊನೆಗೆ ಮುಖಗಳ ಮೇಲೆ ಕಪ್ಪು ಪಟ್ಟಿ ಎಳೆಯುವ ಪಾಡು ತಪ್ಪುತ್ತದೆ. ಇನ್ನು ವೃತ್ತಿಪರರು ಮಕ್ಕಳನ್ನು ಸೆರೆಹಿಡಿದ ಚಿತ್ರಗಳಿಗೆ ‘ಛಾಯಾಚಿತ್ರ ಪ್ರದರ್ಶನ’ ಎಂಬ ಹೆಸರು ಮೊದಲಿನಿಂದಲೂ ಇದೆ, ಅದರಲ್ಲಿ ಕೀಳರಿಮೆಗೆ ಕಾರಣವೇನೂ ಇಲ್ಲ.