ನರ್ಸರಿ ಗುಲಾಬಿಗೆ ಪರಿಮಳ ಯಾಕೆ ಕಮ್ಮಿ?

ಚಿಕ್ಕಬಳ್ಳಾಪುರದ ಕಡೆ ಗುಲಾಬಿಗೇನೂ ಬರವಿಲ್ಲ. ಬೋರ್‌ವೆಲ್ ನೀರನ್ನು ಡ್ರಿಪ್‌ನಲ್ಲಿ ಹನಿಸಿ ಬೆಳೆದ ಬಿಡಿ ಹೂವು ಕೆ.ಜಿ. ಲೆಕ್ಕದಲ್ಲಿ ಮಾರ್ಕೆಟ್‌ಗೆ ಹೋಗುತ್ತದೆ, ಪಾಲಿಹೌಸ್‌ನ ಉದ್ದ ಕಡ್ಡಿಯ ಹೂವು ಕಟ್ಟು ಕಟ್ಟಾಗಿ ಹೋಗುತ್ತದೆ. ಆದರೂ ನರ್ಸರಿಯಿಂದ ಗಿಡ ತಂದು ಮನೆ ಮುಂದೆ ನೆಟ್ಟವರದ್ದು ಒಂದೇ ಕೊರಗು: ಇಷ್ಟು ದೊಡ್ಡ ಹೂವು, ವಾಸನೆಯೇ ಇಲ್ಲ!

ಇದಕ್ಕೆ ಮಣ್ಣು, ಗೊಬ್ಬರ ಕಾರಣವಲ್ಲ. ಗಿಡದ ವಂಶವೇ ಕಾರಣ.

ಯುರೋಪಿನ ಹಳೆಯ ಗ್ಯಾಲಿಕಾ, ಡಮಾಸ್ಕ್, ಸೆಂಟಿಫೋಲಿಯಾ ಗುಲಾಬಿಗಳಿಗೆ ಪರಿಮಳ ಜಾಸ್ತಿ, ಆದರೆ ಹೆಚ್ಚಿನವು ಹೂ ಬಿಡುವುದು ವರ್ಷಕ್ಕೆ ಒಂದೇ ಸಲ. 18ನೇ ಶತಮಾನದ ಕೊನೆಗೆ ಚೀನಾದ ಗುಲಾಬಿಗಳು ಅಲ್ಲಿಗೆ ತಲುಪಿದವು. ಕೆಲವು ನಮ್ಮ ಕಲ್ಕತ್ತಾ ಹಾದು ಹೋದವು. ಅವು ಮತ್ತೆ ಮತ್ತೆ ಹೂ ಬಿಡುತ್ತಿದ್ದವು. ಎರಡು ಕಡೆಯ ಗಿಡಗಳೂ ಬೆರೆಯುತ್ತಾ ಬೆರೆಯುತ್ತಾ ಬಂದು, 1867ರಲ್ಲಿ ಫ್ರಾನ್ಸ್‌ನ ಲಿಯೋನ್‌ನಲ್ಲಿ ಗಿಯೋ ಎಂಬುವರು 'ಲಾ ಫ್ರಾನ್ಸ್' ತಳಿ ಹೊರತಂದರು. 'ಹೈಬ್ರಿಡ್ ಟೀ' ಎಂಬ ಗುಲಾಬಿ ಗುಂಪಿನ ಮೊದಲ ತಳಿ ಅಂತ ಸಾಮಾನ್ಯವಾಗಿ ಹೇಳುವುದು ಇದನ್ನೇ. ಉದ್ದ ಕಡ್ಡಿ, ತುದಿಗೊಂದು ಚೂಪು ಮೊಗ್ಗು, ಇದು ಆ ಗುಂಪಿನ ಗುರುತು.

ಸಣ್ಣ ಹೂವಿನ ಪಾಲಿಯಾಂಥಾ ಗುಲಾಬಿ ಜೊತೆ ಹೈಬ್ರಿಡ್ ಟೀ ಬೆರೆಸಿ, 1920ರ ದಶಕದಲ್ಲಿ ಡೆನ್ಮಾರ್ಕ್‌ನ ಪೌಲ್ಸೆನ್ ಕುಟುಂಬ ಗೊಂಚಲು ಗೊಂಚಲಾಗಿ ಅರಳುವ ಗಿಡಗಳನ್ನು ಬೆಳೆಸಿತು. ಅವೇ ಮುಂದೆ ಫ್ಲೋರಿಬಂಡಾ ಆದವು. ಅಂಗಳದಲ್ಲಿ ಸದಾ ಹೂವು ಕಾಣಬೇಕು ಅನ್ನುವವರಿಗೆ ನನ್ನ ಓಟು ಇದಕ್ಕೇ. ಕಡು ಹಳದಿ ಬಣ್ಣದ ಕಥೆ ಬೇರೆ. ಪರ್ಷಿಯನ್ ಹಳದಿ ಗುಲಾಬಿಯಿಂದ 1900ರಲ್ಲಿ 'ಸೊಲೈ ದೋರ್' ಬಂತು, ಬಣ್ಣದ ಜೊತೆ ಎಲೆಯ ಕಪ್ಪು ಚುಕ್ಕೆ ರೋಗಕ್ಕೆ ಬೇಗ ತುತ್ತಾಗುವ ಗುಣವೂ ಬಂತು. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ, ಜಡಿ ಮಳೆ ಹಿಡಿದರೆ ಮಾತ್ರ ಎಲೆಯೆಲ್ಲ ಹಳದಿಯಾಗಿ ಉದುರುತ್ತದೆ. ನೀರನ್ನು ಎಲೆಗೆ ಚಿಮುಕಿಸಬೇಡಿ, ಬುಡಕ್ಕೆ ಹಾಕಿ.

ಪರಿಮಳ ಎಲ್ಲಿ ಹೋಯಿತು ಅಂತೀರಾ? ಕಳೆದ ಶತಮಾನದಲ್ಲಿ ಮಾರುಕಟ್ಟೆ ಕೇಳಿದ್ದು ಬಣ್ಣ, ಆಕಾರ, ಕೊಯ್ದ ಮೇಲೂ ಬಾಡದ ಗುಣ. ವಾಸನೆ ನೋಡಿ ಆರಿಸುವವರು ಕಮ್ಮಿಯಾದರು. 2015ರಲ್ಲಿ ಫ್ರಾನ್ಸ್‌ನ ಸಂಶೋಧಕರು ಘಮಘಮಿಸುವ 'ಪಾಪಾ ಮೇಯಾ' ತಳಿಯನ್ನು ವಾಸನೆಯಿಲ್ಲದ 'ರೂಜ್ ಮೇಯಾ' ಜೊತೆ ಹೋಲಿಸಿ ನೋಡಿದರು. ಗುಲಾಬಿಗೆ ಪರಿಮಳ ಕೊಡುವ ಜೆರಾನಿಯಾಲ್ ಎಂಬ ವಸ್ತು ತಯಾರಾಗಲು ನೆರವಾಗುವ ಒಂದು ಕಿಣ್ವದ ಜೀನ್ ಮೊದಲನೆಯದರಲ್ಲಿ ಚುರುಕಾಗಿತ್ತು, ಎರಡನೆಯದರಲ್ಲಿ ಹೆಚ್ಚುಕಮ್ಮಿ ಸುಮ್ಮನಿತ್ತು. ಹಾಗಾಗಿ ಹೂವು ಎಷ್ಟೇ ಚೆನ್ನಾಗಿರಲಿ, ಅರಳಿದ ಒಂದನ್ನು ಮೂಸಿ ನೋಡದೆ ಗಿಡಕ್ಕೆ ದುಡ್ಡು ಕೊಡಬೇಡಿ.

ಪರಿಮಳವೇ ಮುಖ್ಯ ಅನ್ನುವವರು ಪನ್ನೀರು ಗುಲಾಬಿ ಹುಡುಕಿ. ದಳ ತೆಳು, ಬೇಗ ಉದುರುತ್ತದೆ, ಹೂದಾನಿಗೆ ಆಗುವುದಿಲ್ಲ. ಆದರೆ ಗುಲ್ಕನ್‌ಗೆ, ಪೂಜೆಗೆ ಇದರ ಮುಂದೆ ಬೇರೆ ಇಲ್ಲ. ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ.

ಹೈಬ್ರಿಡ್ ಟೀ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಗಟ್ಟಿ ಬೇರಿನ ಬೇರೆ ಗುಲಾಬಿಗೆ ಇದರ ಚಿಗುರೊಡೆಯುವ ಕಣ್ಣನ್ನು ಕೂರಿಸಿ ಕಸಿ ಮಾಡಿರುತ್ತಾರೆ. "ಕೆಂಪು ಗುಲಾಬಿ ಕಾಡು ಗುಲಾಬಿ ಆಗಿಬಿಡ್ತು" ಅಂತಾರಲ್ವಾ, ಅದು ಕಸಿಯ ಗಂಟಿನ ಕೆಳಗಿಂದ ಎದ್ದ ಚಿಗುರಿನ ಕೆಲಸ. ಅದರ ಎಲೆ ಸಣ್ಣದು, ಬಣ್ಣ ತಿಳಿ, ಒಂದೇ ತೊಟ್ಟಿನಲ್ಲಿ ಏಳು ಒಂಬತ್ತು ಎಲೆ ಇರುವುದುಂಟು. ಮೇಲಿಂದ ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ, ಹೊರಟ ಜಾಗದಿಂದಲೇ ಕಿತ್ತು ಹಾಕಿ.