‘ಸ್ಟಫಿ’: ಗಾಳಿಯಾಡದ ಕೋಣೆಗೆ ಇಂಗ್ಲಿಷಿನ ಗುಣವಾಚಕ

ಹೊಸ ಗಾಳಿ ಬಾರದೆ, ಜನರ ಉಸಿರು, ಬೆವರು, ಮೈಬಿಸಿಗಳೆಲ್ಲ ಒಳಗೇ ಉಳಿದು, ಕುಳಿತವರಿಗೆ ಕಸಿವಿಸಿಯಾಗುವ ಕೋಣೆಯನ್ನು ಇಂಗ್ಲಿಷಿನಲ್ಲಿ ‘ಸ್ಟಫಿ’ ಎನ್ನುತ್ತಾರೆ. ನಡುವಿನ ಸ್ವರವನ್ನು ‘ಕಪ್’ ಎನ್ನುವಾಗಿನಂತೆ ಉಚ್ಚರಿಸಬೇಕು. ಮೊದಲಿಗೆ ‘ಇ’ಕಾರ ಸೇರಿಸಿ ‘ಇಸ್ಟಫಿ’ ಎನ್ನಬಾರದು. ನಾಮಪದ ‘ಸ್ಟಫಿನೆಸ್’.

ಬೆಂಗಳೂರಿನಲ್ಲಿ ಈ ಅನುಭವಕ್ಕೇನೂ ಬರವಿಲ್ಲ. ಸಂಜೆ ಮಳೆ ಹಿಡಿದು ಎಲ್ಲರೂ ಕಿಟಕಿಯ ಗಾಜು ಎಳೆದುಕೊಂಡ ಮೇಲೆ, ಮೆಜೆಸ್ಟಿಕ್‌ನಿಂದ ಹೊರಟ ಬಿಎಂಟಿಸಿ ಬಸ್ಸಿನ ಗಾಜಿನ ಒಳಮೈಗೆ ಆವಿ ಕಟ್ಟಿ, ಒದ್ದೆ ಕೊಡೆಗಳ ನೀರು ಕಾಲ ಕೆಳಗೆ ಹರಿದಾಡುವಾಗ, ನಮ್ಮಲ್ಲಿ ಬಹಳ ಮಂದಿ ಹೇಳುವುದು ‘ಸಫೊಕೇಷನ್ ಆಗ್ತಿದೆ’ ಎಂದು. ಆದರೆ ಆ ಪದ ಉಸಿರು ಕಟ್ಟಿ ಪ್ರಾಣಕ್ಕೇ ಕುತ್ತು ಬರುವ ಸ್ಥಿತಿಯನ್ನು ಹೇಳುತ್ತದೆ. ಹೊಗೆ ತುಂಬಿದ ಮನೆಗೆ ಅದು ಸರಿ, ಬಸ್ಸಿಗೆ ಅತಿಯಾಯಿತು. ‘ಇಟ್ಸ್ ಸ್ಟಫಿ ಇನ್ ಹಿಯರ್’ ಎಂದರೆ ಸಾಕು. ಕಿಟಕಿ ಸ್ವಲ್ಪ ತೆರೆಯಿರಿ ಎಂಬ ಕೋರಿಕೆಯೂ ಅದರಲ್ಲೇ ಅಡಗಿದೆ.

ಕಲಿಯುವವರು ಹೆಚ್ಚು ಎಡವುವುದು ಕರ್ತೃಪದದಲ್ಲಿ. ‘ನನಗೆ ಸೆಕೆ ಆಗ್ತಿದೆ’ ಎನ್ನುವ ನಮ್ಮ ರೂಢಿಯಂತೆ ‘ಐ ಆಮ್ ಫೀಲಿಂಗ್ ಸ್ಟಫಿ’ ಎಂದರೆ, ಕೇಳಿದವರು ನೆಗಡಿಯಿಂದ ನಿಮ್ಮ ಮೂಗು ಕಟ್ಟಿದೆಯೆಂದು ತಿಳಿಯುವ ಸಂಭವವೇ ಹೆಚ್ಚು, ಏಕೆಂದರೆ ‘ಸ್ಟಫಿ ನೋಸ್’ ಎಂದರೆ ಕಟ್ಟಿದ ಮೂಗು. ‘ಐ ಆಮ್ ಸ್ಟಫ್ಡ್’ ಎಂದರಂತೂ ಹೊಟ್ಟೆ ಬಿರಿಯುವಷ್ಟು ಉಂಡಿದ್ದೇನೆ ಎಂದಾಗುತ್ತದೆ! ಆದ್ದರಿಂದ ಗಾಳಿಯ ಮಾತು ಬಂದಾಗ ಕೋಣೆಯನ್ನೋ ಬಸ್ಸನ್ನೋ ಕರ್ತೃವಾಗಿಸುವುದು ಕ್ಷೇಮ.

ಈ ಪದಕ್ಕೆ ಸೆಕೆಯೇ ಬೇಕೆಂದಿಲ್ಲ. ಮನೆ, ಕಚೇರಿಗಳಲ್ಲಿರುವ ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುವುದರಿಂದ, ವೈಟ್‌ಫೀಲ್ಡ್‌ನ ಕಚೇರಿಯೊಂದರ ತಣ್ಣನೆಯ ಮೀಟಿಂಗ್ ರೂಮ್ ಕೂಡ ಸ್ಟಫಿ ಆಗಬಹುದು. ಆಮ್ಲಜನಕ ಮುಗಿದುಹೋಗುವುದೇ ಇದಕ್ಕೆ ಕಾರಣವೆಂಬ ನಂಬಿಕೆ ಸರಿಯಲ್ಲ. ಜನ ಕುಳಿತ ಸಾಧಾರಣ ಕೋಣೆಯಲ್ಲಿ ಅದು ಇಳಿಯುವುದು ಅತ್ಯಲ್ಪ. ಹೆಚ್ಚುವುದು ತೇವ, ಮೈವಾಸನೆ, ಇಂಗಾಲದ ಡೈಆಕ್ಸೈಡ್. ಹೊರಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಈಗ ಸುಮಾರು 420 ಭಾಗದಷ್ಟಿರುವ ಈ ಅನಿಲ ಒಳಗೆ 1000 ದಾಟಬಾರದೆಂದು ಜರ್ಮನಿಯ ಆರೋಗ್ಯವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟನ್‌ಕೋಫರ್ 1858ರಲ್ಲೇ ಸೂಚಿಸಿದ್ದರು. ಅದನ್ನು ಅವರು ವಿಷವೆಂದು ಎಣಿಸದೆ, ಗಾಳಿ ಕೆಟ್ಟಿರುವುದರ ಗುರುತಾಗಿ ಬಳಸಿದರು.

ಮಳೆಗಾಲದಲ್ಲಿ ಬೀರುವಿನಿಂದ ತೆಗೆದ ಸೀರೆಯ ಮುಗ್ಗಲು ವಾಸನೆಗೆ ‘ಮಸ್ಟಿ’ ಎನ್ನಬೇಕು. ಮಂಗಳೂರಿನ ಕಡೆಯಂತೆ ಹೊರಗೇ ಬೆವರಿಳಿಸುವ ಹವೆಗೆ ‘ಮಗ್ಗಿ’ ಎನ್ನುತ್ತಾರೆ. ಇನ್ನು ಮನುಷ್ಯರನ್ನೋ ಸಂಸ್ಥೆಯನ್ನೋ ‘ಸ್ಟಫಿ’ ಎಂದರೆ ಹಳೆಯ ರೀತಿ ರಿವಾಜುಗಳಿಗೆ ಅಂಟಿಕೊಂಡು ಬಿಗಿದುಕೊಂಡಿರುವವರು ಎಂದರ್ಥ. ಅದರಲ್ಲಿ ಹಗುರವಾದ ಕುಹಕವಿರುವುದರಿಂದ ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಬಳಸದಿರುವುದೇ ಲೇಸು.